ವಾಟೆಹುಳಿ ಇನ್ಹಿಬಿಷನ್: ಗೆರೆ ಎಡಗಡೆ ಕೂಡ್ತದೆ, ನಾನ್‌ಕಾಂಪಿಟಿಟಿವ್ ಅಂತ ಬರೀಬಹುದಾ?

ಕುಮಟೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಬಯೋಕೆಮಿಸ್ಟ್ರಿ ಕೊನೇ ಸೆಮಿಸ್ಟರ್ ನಂದು, ಪ್ರಾಜೆಕ್ಟ್ ರಿಪೋರ್ಟ್ ಕೊಡೂಕೆ ಇನ್ನು ಮೂರು ವಾರ ಇದೆ, ಒಂದು ಕಡೆ ಪೂರ್ತಿ ಗೊಂದಲ ಆಗಿದೆ, ಸ್ವಲ್ಪ ಉದ್ದ ಆಗ್ತದೆ ದಯವಿಟ್ಟು ಓದಿ.

ಮನೇಲಿ ಬಾಳೆದಿಂಡು ಹೆಚ್ಚಿದ ಕೂಡ್ಲೆ ಆಯಿ ಮಜ್ಜಿಗೆ ನೀರಿಗೆ ಹಾಕ್ತಾಳೆ, ಇಲ್ಲಾಂದ್ರೆ ಪಲ್ಯಕ್ಕೆ ಹಾಕೂದ್ರೊಳಗೆ ಕಪ್ಪಾಗ್ತದೆ. ಹಂಗೆ ಕಪ್ಪು ಮಾಡೂ ಕಿಣ್ವ (ಎಂಜೈಮ್) ಪಾಲಿಫಿನಾಲ್ ಆಕ್ಸಿಡೇಸ್, ನನ್ನ ಪ್ರಾಜೆಕ್ಟ್ ಅದರ ಮೇಲೇ. ದಿಂಡಿನಿಂದ ಎಂಜೈಮ್ ತೆಗೆದು ಅಮೋನಿಯಂ ಸಲ್ಫೇಟ್ ಹಾಕಿ ಇಳಿಸಿ ಡಯಾಲಿಸಿಸ್ ಮಾಡಿದ್ದೇನೆ. ಸಬ್‌ಸ್ಟ್ರೇಟ್ (ಎಂಜೈಮ್ ಬದಲಾಯಿಸೂ ವಸ್ತು) ಕ್ಯಾಟೆಕಾಲ್, 400 ನ್ಯಾನೋಮೀಟರಿನಲ್ಲಿ ಬಣ್ಣ ಏರೂದನ್ನ ಒಂದು ನಿಮಿಷ ನೋಡ್ತೇನೆ. ಇನ್ಹಿಬಿಟರ್ (ಎಂಜೈಮ್‌ನ್ನ ತಡೆಯೂದು) ಅಂದ್ರೆ ನಮ್ಮ ಒಣಗಿಸಿದ ವಾಟೆಹುಳಿ, ವಾಟೆ ಮರದ ಹುಳಿ ಹಣ್ಣು, ನೀರಲ್ಲಿ ನೆನೆಸಿ ಸೋಸಿದ ರಸ, 3 ಎಂಎಲ್ ಕ್ಯುವೆಟ್‌ಗೆ 100 ಮೈಕ್ರೋಲೀಟರ್.

ಡೇಟಾ ಇದು, ಕ್ಯಾಟೆಕಾಲ್ ಮಿಲಿಮೋಲಾರ್, ವೇಗ ಅಂದ್ರೆ ನಿಮಿಷಕ್ಕೆ ಅಬ್ಸಾರ್ಬೆನ್ಸ್ ಎಷ್ಟು ಏರ್ತು ಅಂತ:

2 ಇದ್ದಾಗ ರಸ ಇಲ್ದೆ 0.098, ರಸ ಇದ್ದು 0.054
4 ಇದ್ದಾಗ 0.169, 0.091
8 ಇದ್ದಾಗ 0.248, 0.149
16 ಇದ್ದಾಗ 0.335, 0.206
32 ಇದ್ದಾಗ 0.398, 0.265

ಲೈನ್‌ವೀವರ್-ಬರ್ಕ್ ಹಾಕಿದೆ (ಒಂದು ಬೈ ಸಾಂದ್ರತೆ, ಒಂದು ಬೈ ವೇಗ ಹೀಗೆ ತಿರುಗಿಸಿ ಎಳೆಯೂ ಗ್ರಾಫ್), ಎಕ್ಸೆಲ್‌ನಲ್ಲಿ ಟ್ರೆಂಡ್‌ಲೈನ್. ಆರ್ ಸ್ಕ್ವೇರ್ ಎರಡಕ್ಕೂ 0.99 ಮೇಲೇ ಬಂತು. ವಿಮ್ಯಾಕ್ಸ್ (ಅತಿ ಹೆಚ್ಚಿನ ವೇಗ) 0.51ರಿಂದ 0.35ಕ್ಕೆ ಇಳಿತು, ಕೆಎಂ (ಅದರ ಅರ್ಧ ವೇಗ ಬರೂ ಕ್ಯಾಟೆಕಾಲ್ ಸಾಂದ್ರತೆ) 8.4ರಿಂದ 11ಕ್ಕೆ ಏರ್ತು. ಎರಡು ಗೆರೆ ವೈ ಅಕ್ಷದ ಎಡಗಡೆ, ಎಕ್ಸ್ ಅಕ್ಷಕ್ಕಿಂತ ಸ್ವಲ್ಪ ಮೇಲೆ ಕೂಡ್ತವೆ. ಗೈಡ್ ಹೇಳಿದ್ರು ವಿಮ್ಯಾಕ್ಸ್ ಇಳಿದಿದೆಯಲ್ಲ, ಕೆಎಂ ಹೆಚ್ಚುಕಮ್ಮಿ ಅದೇ, ನಾನ್‌ಕಾಂಪಿಟಿಟಿವ್ ಅಂತ ಬರಿ ಅಂತ. ಗೆಳತಿ ಹೇಳ್ತಾಳೆ ಎರಡೂ ಬದಲಾಗಿದೆ, ಮಿಕ್ಸ್ಡ್ ಅಂತ. 8.4 ಮತ್ತೆ 11 ಒಂದೇನಾ ಬೇರೇನಾ ಅಂತ ನಂಗೆ ಹೆಂಗೆ ಗೊತ್ತಾಗ್ತದೆ? ವೈವಾದಲ್ಲಿ ಇದನ್ನೇ ಕೇಳ್ತಾರೆ ಅಂತ ಹೆದ್ರಿಕೆ, ಆದ್ರೆ ಅದಕ್ಕಿಂತ ಹೆಚ್ಚಾಗಿ ನಿಜವಾಗ್ಲೂ ಯಾವುದು ಅಂತ ತಿಳ್ಕೊಬೇಕು.

ಹೊನ್ನಾವರ ಲ್ಯಾಬ್

ಒಳ್ಳೆ ಪ್ರಾಜೆಕ್ಟ್. ನಾನು ಫಾರ್ಮಾದಲ್ಲಿ ಆರು ವರ್ಷ ಇದ್ದೆ, ಅಲ್ಲಿ ನಾವು ಮೊದ್ಲು ಐಸಿ50 ತೆಗೀತಿದ್ವಿ. ಒಂದೇ ಕ್ಯಾಟೆಕಾಲ್ ಸಾಂದ್ರತೆ ಇಟ್ಕೊಂಡು ರಸ 5, 10, 20, 40, 80, 160 ಮೈಕ್ರೋಲೀಟರ್ ಹೀಗೆ ಏರಿಸ್ತಾ ಹೋಗಿ, ಅರ್ಧ ವೇಗ ಎಲ್ಲಿ ಬರ್ತದೆ ನೋಡಿ. ನೀವು ಒಂದೇ ಪ್ರಮಾಣದ ರಸ ಹಾಕಿದ್ದೀರಿ, ಒಂದೇ ಗೆರೆ ಇಟ್ಕೊಂಡು ಮೆಕ್ಯಾನಿಸಮ್ ಹೇಳೂದು ಕಷ್ಟ. ಐಸಿ50 ಇದ್ರೆ ಮುಂದಿನ ಎಕ್ಸ್‌ಪೆರಿಮೆಂಟ್‌ಗೆ ಎಷ್ಟು ರಸ ಹಾಕಬೇಕು ಅಂತ ಅಂದಾಜು ಸಿಗ್ತದೆ, ಐಸಿ50 ಅರ್ಧ, ಐಸಿ50, ಅದರ ಎರಡು ಪಟ್ಟು, ಹೀಗೆ.

ಕಾಳಿ ಸೇತುವೆ

ಹೊನ್ನಾವರದವರು ಹೇಳಿದ್ದು ಸರಿ, ಒಂದು ಮಾತು ಮಾತ್ರ ಸೇರಿಸ್ತೇನೆ, ಐಸಿ50 ಒಂದೇ ಇಟ್ಕೊಂಡು ಮೆಕ್ಯಾನಿಸಮ್ ಗೊತ್ತಾಗೂದಿಲ್ಲ, ಯಾಕಂದ್ರೆ ಅದು ಸಬ್‌ಸ್ಟ್ರೇಟ್ ಎಷ್ಟು ಹಾಕಿದ್ರಿ ಅನ್ನೂದರ ಮೇಲೆ ಬದಲಾಗ್ತದೆ. 1973ರಲ್ಲಿ ಚೆಂಗ್ ಮತ್ತು ಪ್ರುಸಾಫ್ ಬರೆದ ಸಮೀಕರಣ ಅದನ್ನೇ ಹೇಳ್ತದೆ. ಕಾಂಪಿಟಿಟಿವ್ (ಖಾಲಿ ಎಂಜೈಮ್‌ಗೆ ಮಾತ್ರ ಅಂಟೂದು) ಆದ್ರೆ ಐಸಿ50ನ ಒಂದು ಪ್ಲಸ್ ಎಸ್ (ಸಬ್‌ಸ್ಟ್ರೇಟ್ ಸಾಂದ್ರತೆ) ಬೈ ಕೆಎಂ ಇಂದ ಭಾಗಿಸಿದ್ರೆ ಕೆಐ (ಇನ್ಹಿಬಿಟರ್ ಎಷ್ಟು ಗಟ್ಟಿ ಅಂಟ್ತದೆ ಅನ್ನೂ ಸ್ಥಿರಾಂಕ), ಅಂದ್ರೆ ಕ್ಯಾಟೆಕಾಲ್ ಕೆಎಂನಷ್ಟೇ ಇದ್ರೆ ಐಸಿ50 ಕೆಐಯ ಎರಡು ಪಟ್ಟು ಬರ್ತದೆ. ಶುದ್ಧ ನಾನ್‌ಕಾಂಪಿಟಿಟಿವ್ ಆದ್ರೆ ಎಸ್ ಎಷ್ಟಿದ್ರೂ ಐಸಿ50 ಕೆಐಗೇ ಸಮ.

ಈಗ ನಿಮ್ಮ ಡೇಟಾಕ್ಕೆ ಬರೋಣ. ಗೆರೆ ಎಲ್ಲಿ ಕೂಡ್ತು ಅನ್ನೂದನ್ನ ಸ್ವಲ್ಪ ಹೊತ್ತು ಮರೀರಿ. ಪ್ರತಿ ಸಾಲಿನಲ್ಲಿ ರಸ ಇಲ್ಲದ ವೇಗವನ್ನ ರಸ ಇರುವ ವೇಗದಿಂದ ಭಾಗಿಸಿ. ನಾನು ಮಾಡಿದೆ: 1.81, 1.86, 1.66, 1.63, 1.50. ಕ್ಯಾಟೆಕಾಲ್ ಏರಿದ ಹಾಗೆ ಈ ಅನುಪಾತ ಇಳೀತಾ ಇದೆ ನೋಡಿ. ಶುದ್ಧ ನಾನ್‌ಕಾಂಪಿಟಿಟಿವ್ ಆಗಿದ್ರೆ ಅದು ಐದೂ ಕಡೆ ಒಂದೇ ಇರಬೇಕಿತ್ತು, ಯಾಕಂದ್ರೆ ಸಬ್‌ಸ್ಟ್ರೇಟ್ ಹಿಡಿದ ಎಂಜೈಮ್‌ಗೂ ಖಾಲಿ ಎಂಜೈಮ್‌ಗೂ ಇನ್ಹಿಬಿಟರ್ ಒಂದೇ ಥರ ಅಂಟ್ತದೆ ಅಂತ ಅದರ ಅರ್ಥ. ಅನ್‌ಕಾಂಪಿಟಿಟಿವ್ (ಸಬ್‌ಸ್ಟ್ರೇಟ್ ಹಿಡಿದ ಎಂಜೈಮ್‌ಗೆ ಮಾತ್ರ ಅಂಟೂದು) ಆಗಿದ್ರೆ ಏರ್ತಾ ಹೋಗಬೇಕಿತ್ತು. ಕಾಂಪಿಟಿಟಿವ್ ಆಗಿದ್ರೆ ಇಳೀತಾ ಇಳೀತಾ ಒಂದರ ಹತ್ರ ಬರಬೇಕು. ಆದ್ರೆ 32 ಮಿಲಿಮೋಲಾರ್ ಅಂದ್ರೆ ನಿಮ್ಮ ಕೆಎಂನ ನಾಲ್ಕು ಪಟ್ಟು ಮಾತ್ರ, ಅಲ್ಲಿ ಪೂರ್ತಿ ಒಂದಕ್ಕೆ ಬರೂದಿಲ್ಲ. ಕೆಎಂ 8 ಅಂತ ಇಟ್ಕೊಂಡು ಲೆಕ್ಕ ಹಾಕಿ, 2 ಮಿಲಿಮೋಲಾರ್‌ನಲ್ಲಿ 1.81 ಬರಬೇಕಾದ್ರೆ ಕಾಂಪಿಟಿಟಿವ್ ಲೆಕ್ಕದಲ್ಲಿ ಕೆಎಂ ಎರಡು ಪಟ್ಟಾಗಿರಬೇಕು, ಹಾಗಿದ್ರೆ 32ರಲ್ಲಿ 1.20 ಬರಬೇಕು. ನಿಮಗೆ ಬಂದದ್ದು 1.50. ನಾನ್‌ಕಾಂಪಿಟಿಟಿವ್ ಆದ್ರೆ 1.81 ಬರಬೇಕಿತ್ತು. ನಿಮ್ಮದು ನಡುವೆ ನಿಂತಿದೆ, ಹಾಗಾಗಿ ಸಂಖ್ಯೆ ಹೇಳೂದು ಮಿಕ್ಸ್ಡ್ ಅಂತ, ನಿಮ್ಮ ಗೆಳತಿ ಸರಿ. ಆದ್ರೆ ಸಂಖ್ಯೆ ಹೇಳೂದನ್ನ ನಂಬೂ ಮುಂಚೆ ಇನ್ನೂ ಎರಡು ವಿಷಯ ಇದೆ.

ಒಂದು, ಲೈನ್‌ವೀವರ್-ಬರ್ಕ್. 1934ರಲ್ಲಿ ಕಂಪ್ಯೂಟರ್ ಇಲ್ಲದ ಕಾಲಕ್ಕೆ ಸ್ಕೇಲ್ ಹಿಡಿದು ಗೆರೆ ಎಳೀಲಿಕ್ಕೆ ಅದು ಬೇಕಿತ್ತು, ಈಗಲೂ ನೋಡ್ಲಿಕ್ಕೆ ಒಳ್ಳೇದು, ಆದ್ರೆ ಅದರಿಂದ ಕೆಎಂ ತೆಗೀಬೇಡಿ. ಯಾಕೆ ಅಂತ ನಿಮ್ಮ ಸಂಖ್ಯೆಯಲ್ಲೇ ನೋಡಿ. ನಿಮ್ಮ ಸ್ಪೆಕ್ಟ್ರೋಫೋಟೋಮೀಟರ್ ಓದು 0.003 ಆಚೀಚೆ ಆಗ್ತದೆ ಅಂತ ಇಟ್ಕೊಳ್ಳಿ. 0.054 ಅನ್ನೂದು 0.051 ಆಗಬಹುದು 0.057 ಆಗಬಹುದು, ತಿರುಗಿಸಿ ಹಾಕಿದ್ರೆ 19.6ರಿಂದ 17.5ರ ತನಕ. ಅದೇ 0.265ರ ಹತ್ರ ಅಷ್ಟೇ ತಪ್ಪಾದ್ರೆ 3.82ರಿಂದ 3.73. ಅಂದ್ರೆ ನೀವು ಕಡಿಮೆ ನಂಬೂ ಬಿಂದುವೇ ಗ್ರಾಫಿನ ತುದೀಲಿ ನಿಂತು ಇಡೀ ಗೆರೆಯನ್ನ ಎಳೀತದೆ, ಆರ್ ಸ್ಕ್ವೇರ್ ಚೆನ್ನಾಗಿ ಬರೂದೂ ಆ ತುದಿಯ ಬಿಂದುವಿನಿಂದಲೇ. ಎಕ್ಸೆಲ್‌ನಲ್ಲೇ ಸಾಲ್ವರ್ ಇದೆ, ಆರ್ ಭಾಷೆ ಬಂದ್ರೆ ಇನ್ನೂ ಒಳ್ಳೇದು, ತಿರುಗಿಸದ ಮೂಲ ವೇಗಕ್ಕೆ ನೇರವಾಗಿ ಮೈಕೆಲಿಸ್-ಮೆಂಟೆನ್ ಕರ್ವ್ (ಸಬ್‌ಸ್ಟ್ರೇಟ್ ಏರಿದ ಹಾಗೆ ವೇಗ ಹೇಗೆ ಏರ್ತದೆ ಅನ್ನೂ ಸಮೀಕರಣ) ಫಿಟ್ ಮಾಡಿ. ರಸದ ಎಲ್ಲ ಪ್ರಮಾಣದ ಡೇಟಾನೂ ಒಟ್ಟಿಗೆ ಇಟ್ಟು ಒಂದೇ ಸಮೀಕರಣಕ್ಕೆ ಹಾಕಿ, ಕೆಳಗೆ ಕೆಎಂ ಪದಕ್ಕೆ ಒಂದು ಕೆಐ, ಎಸ್ ಪದಕ್ಕೆ ಇನ್ನೊಂದು ಕೆಐ. ಮೊದಲಿನದು ಖಾಲಿ ಎಂಜೈಮ್‌ಗೆ, ಎರಡನೇದು ಸಬ್‌ಸ್ಟ್ರೇಟ್ ಹಿಡಿದ ಎಂಜೈಮ್‌ಗೆ. ಎರಡನೇ ಕೆಐ ಲೆಕ್ಕವಿಲ್ಲದಷ್ಟು ದೊಡ್ಡದಾಗಿ ಹೋದ್ರೆ ಕಾಂಪಿಟಿಟಿವ್. ಮೊದಲನೇದು ಹಂಗೆ ಹೋದ್ರೆ ಅನ್‌ಕಾಂಪಿಟಿಟಿವ್. ಎರಡೂ ಒಂದೇ ಬಂದ್ರೆ ನಾನ್‌ಕಾಂಪಿಟಿಟಿವ್, ಅದು ಮಿಕ್ಸ್ಡ್‌ನ ಒಂದು ವಿಶೇಷ ಸಂದರ್ಭ ಅಷ್ಟೇ, ನಿಜವಾಗ್ಲೂ ಎರಡೂ ಸಮ ಇರೂದು ಅಪರೂಪ. 8.4 ಮತ್ತೆ 11 ಬೇರೇನಾ ಅಂತ ಕೇಳಿದ್ರಲ್ಲ, ಉತ್ತರ ಇಲ್ಲೇ ಸಿಗ್ತದೆ, ಆರ್‌ನಲ್ಲಿ ಫಿಟ್ ಜೊತೆಗೇ ಸ್ಟ್ಯಾಂಡರ್ಡ್ ಎರರ್ ಬರ್ತದೆ (ಸಾಲ್ವರ್ ಅದನ್ನ ತಾನಾಗಿ ಕೊಡೂದಿಲ್ಲ), ಎರರ್ ಇಲ್ಲದ ಕೆಎಂ ಎರಡನ್ನ ಹೋಲಿಸೂದು ಅರ್ಥ ಇಲ್ಲ. ಪ್ರತಿ ಬಿಂದು ಮೂರು ಸಲ ಮಾಡಿ.

ಎರಡನೇದು ಇನ್ನೂ ಮುಖ್ಯ. ವಾಟೆಹುಳಿ ಹುಳಿ. ರಸ ಹಾಕಿದ ಮೇಲೆ ಕ್ಯುವೆಟ್ ಒಳಗಿನ ಪಿಎಚ್ ನೋಡಿದ್ರಾ? ಬಫರ್ ಎಷ್ಟು ಸ್ಟ್ರಾಂಗ್? ಪಿಎಚ್ ಇಳಿದ್ರೆ ಈ ಎಂಜೈಮ್‌ನ ವಿಮ್ಯಾಕ್ಸ್, ಕೆಎಂ ಎರಡೂ ಬದಲಾಗಬಹುದು, ಅದು ಗ್ರಾಫಿನಲ್ಲಿ ಮಿಕ್ಸ್ಡ್ ಇನ್ಹಿಬಿಷನ್ ಥರವೇ ಕಾಣ್ತದೆ. ಆಗ ನೀವು ಬರೆದ ಮೆಕ್ಯಾನಿಸಮ್ ವಾಟೆಹುಳಿಯ ಯಾವ ಅಣುವಿನದ್ದೂ ಆಗಿರೂದಿಲ್ಲ, ಬರೀ ಹುಳಿಯದ್ದು. ಮಜ್ಜಿಗೆ ನೀರು ಕೆಲಸ ಮಾಡೂದೂ ಬಹುಪಾಲು ಹಾಗೇ ಅಲ್ವಾ.

ಕುಮಟೆ ಹುಡುಗಿ

ಪಿಎಚ್ ನೋಡಿರಲಿಲ್ಲ!! ಈಗಷ್ಟೇ ಲ್ಯಾಬಿಗೆ ಹೋಗಿ ನೋಡಿದೆ, ಬಫರ್ 10 ಮಿಲಿಮೋಲಾರ್ ಫಾಸ್ಫೇಟ್ 6.8, ರಸ ಹಾಕಿದ ಮೇಲೆ 5.9. ತುಂಬಾ ಬೇಜಾರಾಯ್ತು, ಎರಡು ತಿಂಗಳ ಡೇಟಾ. ಬಫರ್ 100 ಮಾಡಿ ರಸವನ್ನೂ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 6.8ಕ್ಕೆ ತಂದು ಮತ್ತೆ ಮಾಡ್ತೇನೆ. ಇನ್ನೇನಾದ್ರೂ ನೋಡ್ಕೊಬೇಕಾ? ಇನ್ನೊಂದ್ಸಲ ತಪ್ಪು ಮಾಡೂಕೆ ಟೈಮಿಲ್ಲ.

ಶಿರಸಿ ಮಾಸ್ತರ್

ತಂಗಿ, ಬೇಜಾರು ಮಾಡ್ಕೋಬೇಡ. ನಾನು ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದವ, ಆ ಎರಡು ತಿಂಗಳ ಡೇಟಾನೂ ರಿಪೋರ್ಟಿನಲ್ಲಿ ಇಡು, ಪಿಎಚ್ ಪರಿಣಾಮ ಅಂತ ಒಂದು ಅಧ್ಯಾಯವೇ ಆಗ್ತದೆ. ಮತ್ತೆ ಮಾಡೂಕೆ ಮುಂಚೆ ಮಾತ್ರ ಇದನ್ನ ಓದು.

ಈ ಎಂಜೈಮ್‌ಗೆ ಸಬ್‌ಸ್ಟ್ರೇಟ್ ಒಂದಲ್ಲ, ಎರಡು. ಕ್ಯಾಟೆಕಾಲ್ ಒಂದು, ಆಮ್ಲಜನಕ ಇನ್ನೊಂದು. ಎರಡು ಕ್ಯಾಟೆಕಾಲ್‌ಗೆ ಒಂದು ಆಮ್ಲಜನಕ ಖರ್ಚಾಗಿ ಎರಡು ಕ್ವಿನೋನ್ (ಬಣ್ಣ ಕೊಡೂದು ಅದೇ) ಆಗ್ತದೆ. 25 ಡಿಗ್ರಿಯಲ್ಲಿ ಗಾಳಿಗೆ ತೆರೆದ ನೀರಿನಲ್ಲಿ ಕರಗಿದ ಆಮ್ಲಜನಕ ಸುಮಾರು 0.25 ಮಿಲಿಮೋಲಾರ್ ಮಾತ್ರ. ಈಗ ನಿನ್ನ ಸಂಖ್ಯೆ ತಗೋ. 32 ಮಿಲಿಮೋಲಾರ್‌ನಲ್ಲಿ ನಿಮಿಷಕ್ಕೆ 0.398. ಆ ತರಂಗಾಂತರದ ಹತ್ರ ಈ ಕ್ವಿನೋನ್‌ನ, ಅಂದ್ರೆ ಬೆಂಜೋಕ್ವಿನೋನ್‌ನ, ಮೋಲಾರ್ ಗುಣಾಂಕ (ಒಂದು ಮೋಲಾರ್‌ಗೆ ಎಷ್ಟು ಅಬ್ಸಾರ್ಬೆನ್ಸ್ ಅಂತ) 1400ರ ಸುಮಾರು, ಅಂದ್ರೆ ನಿಮಿಷಕ್ಕೆ 0.28 ಮಿಲಿಮೋಲಾರ್ ಕ್ವಿನೋನ್, ಅದಕ್ಕೆ 0.14 ಆಮ್ಲಜನಕ. ಒಂದು ನಿಮಿಷದಲ್ಲಿ ಕ್ಯುವೆಟ್ಟಿನ ಅರ್ಧಕ್ಕಿಂತ ಹೆಚ್ಚು ಆಮ್ಲಜನಕ ಖಾಲಿ! ಹಾಗಿದ್ರೆ ನಿನ್ನ ಮೇಲಿನ ಬಿಂದುಗಳು ಬಾಗಿದ್ದು ಎಂಜೈಮ್ ತುಂಬಿ ಹೋದದ್ದಕ್ಕಾ, ಉಸಿರು ಕಟ್ಟಿದ್ದಕ್ಕಾ ಅಂತ ಹೇಳೂಕೆ ಬರೂದಿಲ್ಲ. ಜೊತೆಗೆ ಕ್ಯಾಟೆಕಾಲ್ ತಾನೇ ಈ ಎಂಜೈಮ್‌ನ್ನ ಕೆಲಸ ಮಾಡ್ತಾ ಮಾಡ್ತಾ ನಿಷ್ಕ್ರಿಯ ಮಾಡ್ತದೆ, ಅದೂ ಇದೆ. ಎಂಜೈಮ್ ಅರ್ಧ ಮಾಡು, ನಿಮಿಷ ಕಾಯಬೇಡ, ಮೊದಲ 15-20 ಸೆಕೆಂಡಿನ ನೇರ ಭಾಗವನ್ನ ಮಾತ್ರ ತಗೋ. ಮೆಕ್ಯಾನಿಸಮ್ ಲೆಕ್ಕ ಎಲ್ಲ ನಿಂತಿರೂದು ಆರಂಭದ ವೇಗದ ಮೇಲೆ, ಅದೇ ಸರಿ ಇಲ್ಲಾಂದ್ರೆ ಮುಂದಿನದ್ದು ಯಾವುದೂ ಉಳಿಯೂದಿಲ್ಲ.

ಎರಡು ಸಬ್‌ಸ್ಟ್ರೇಟ್ ಇದೆ ಅಂದ ಮೇಲೆ ಇನ್ನೊಂದು ಮಾತು. 'ಕಾಂಪಿಟಿಟಿವ್' ಅಂತ ಬರೀ ಹೇಳೂದು ಅರ್ಧ ವಾಕ್ಯ, ಯಾವುದರ ಜೊತೆ ಸ್ಪರ್ಧೆ ಅಂತ ಹೇಳಬೇಕು. ನಮ್ಮ ಘಟ್ಟದ ಉಪ್ಪಾಗೆ ಹಣ್ಣನ್ನೇ ನೋಡು. ಅದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ 1965ರಲ್ಲಿ ಗುರುತಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಅದು ಎಟಿಪಿ ಸಿಟ್ರೇಟ್ ಲಯೇಸ್ ಅನ್ನೂ ಎಂಜೈಮ್‌ನ್ನ ತಡೀತದೆ, ನೋಡ್ಲಿಕ್ಕೆ ಸಿಟ್ರೇಟ್ ಥರ ಇರೂದ್ರಿಂದ ಸಿಟ್ರೇಟ್ ಜೊತೆಗೆ ಕಾಂಪಿಟಿಟಿವ್. ಅದೇ ಎಂಜೈಮ್‌ಗೆ ಎಟಿಪಿ, ಕೋಎಂಜೈಮ್ ಎ ಕೂಡ ಬೇಕು, ಅವುಗಳ ಜೊತೆ ಅದರ ಸ್ಪರ್ಧೆ ಅಂತ ಅಲ್ಲ. ನಿನ್ನದ್ರಲ್ಲೂ ಕ್ಯಾಟೆಕಾಲ್ ಎದುರಿಗೆ ಮಿಕ್ಸ್ಡ್ ಕಂಡದ್ದು ಆಮ್ಲಜನಕದ ಎದುರಿಗೆ ಬೇರೆಯೇ ಆಗಿರಬಹುದು. ಹಾಗಾಗಿ 'ಕ್ಯಾಟೆಕಾಲ್‌ಗೆ ಸಂಬಂಧಿಸಿ, ಗಾಳಿ ತುಂಬಿದ ಬಫರ್‌ನಲ್ಲಿ' ಅಂತ ಸೇರಿಸಿ ಬರಿ.

ರಿವರ್ಸಿಬಲ್ ಹೌದಾ ಅಂತಲೂ ನೋಡಿಲ್ಲ ನೀನು. ಎಂಜೈಮ್‌ನ್ನ ಜಾಸ್ತಿ ರಸದ ಜೊತೆ ಹತ್ತು ನಿಮಿಷ ಇಟ್ಟು ಆಮೇಲೆ ನೂರು ಪಟ್ಟು ತೆಳು ಮಾಡಿ ವೇಗ ನೋಡು. ತಿರುಗಿ ಬಂದ್ರೆ ರಿವರ್ಸಿಬಲ್, ಬರದಿದ್ರೆ ಎಂಜೈಮ್ ಕೆಟ್ಟೇ ಹೋಗಿದೆ, ಆಗ ಉಳಿದ ಎಂಜೈಮ್ ಕಮ್ಮಿ ಆದ್ದರಿಂದ ವಿಮ್ಯಾಕ್ಸ್ ಇಳಿದು ಕೆಎಂ ಹಾಗೇ ನಿಲ್ತದೆ, ನೋಡಿದವರು ನಾನ್‌ಕಾಂಪಿಟಿಟಿವ್ ಅಂತ ಮೋಸ ಹೋಗ್ತಾರೆ. ಹಣ್ಣಿನ ರಸದಲ್ಲಿ ಟ್ಯಾನಿನ್ ಇದ್ರೆ ಪ್ರೊಟೀನಿಗೆ ಅಂಟಿ ಹೀಗೇ ಆಗೂದು. ಟ್ಯಾನಿನ್ ಹಿಡಿಯೂ ಪಿವಿಪಿಪಿ ಪುಡಿ ಹಾಕಿ ಕಲಕಿ ಸೋಸಿದ ರಸದ್ದೂ ಒಂದು ಸಾಲು ಮಾಡು.

ಕಾಳಿ ಸೇತುವೆ

ಮಾಸ್ತರ್ರು ಹೇಳಿದ ಆಮ್ಲಜನಕದ ಲೆಕ್ಕ ನಂಗೆ ಹೊಳೆದೇ ಇರಲಿಲ್ಲ, ಬಹಳ ಒಳ್ಳೇ ಮಾತು.

ಆಸ್ಕಾರ್ಬಿಕ್ ಆಮ್ಲದ ಬಗ್ಗೆಯೂ ಎಚ್ಚರ ಇರಲಿ. ರಸದಲ್ಲಿ ವಿಟಮಿನ್ ಸಿ ಇದ್ರೆ ಅದು ಎಂಜೈಮ್‌ನ್ನ ತಡೀದೆನೇ ಹುಟ್ಟಿದ ಕ್ವಿನೋನ್‌ನ್ನ ವಾಪಸ್ ಕ್ಯಾಟೆಕಾಲ್ ಮಾಡಿಬಿಡ್ತದೆ, ಬಣ್ಣ ಬರೂದೇ ಇಲ್ಲ, ಅದು ಖಾಲಿ ಆದ ಮೇಲೆ ಒಮ್ಮೆಲೇ ಏರ್ತದೆ. ಗ್ರಾಫಿನಲ್ಲಿ ಮೊದಲು ಚಪ್ಪಟೆ, ಆಮೇಲೆ ನೇರ ಏರಿಕೆ ಕಂಡ್ರೆ ಅದೇ. ಆ ಚಪ್ಪಟೆ ಭಾಗವನ್ನ ಆರಂಭದ ವೇಗ ಅಂತ ತಗೊಂಡ್ರೆ ಇನ್ಹಿಬಿಷನ್ ಇಲ್ಲದ ಕಡೆ ಇನ್ಹಿಬಿಷನ್ ಕಾಣ್ತದೆ.

ಇನ್ನೊಂದು ನಮ್ಮ ಕಾರವಾರದಲ್ಲಿ ನಾನೇ ಅನುಭವಿಸಿದ್ದು. ಬೆಳಿಗ್ಗೆ ಎಲ್ಲ ಕಂಟ್ರೋಲ್ ಮುಗಿಸಿ ಮಧ್ಯಾಹ್ನ ಇನ್ಹಿಬಿಟರ್ ಮಾಡ್ತಿದ್ದೆ, ಎಪ್ರಿಲ್ ಸೆಕೆಗೆ ಲ್ಯಾಬ್ ಬಿಸಿ ಆಗಿ ಎಂಜೈಮ್ ಟ್ಯೂಬ್ ಐಸ್ ಕರಗಿ ಅರ್ಧ ಸತ್ತಿತ್ತು, ವಿಮ್ಯಾಕ್ಸ್ ಇಳಿದದ್ದನ್ನ ನೋಡಿ ಎರಡು ವಾರ ಖುಷಿಪಟ್ಟಿದ್ದೆ. ಅಂದಿನಿಂದ ಒಂದು ಕಂಟ್ರೋಲ್, ಒಂದು ಇನ್ಹಿಬಿಟರ್, ಮತ್ತೆ ಕಂಟ್ರೋಲ್, ಹೀಗೇ ಅದಲುಬದಲು ಮಾಡ್ತೇನೆ, ಕೊನೇಲಿ ಮೊದಲ ಕಂಟ್ರೋಲ್‌ನ್ನ ಇನ್ನೊಮ್ಮೆ. ಮೊದಲಿನದ್ದೂ ಕೊನೇದೂ ಹೊಂದಿಲ್ಲ ಅಂದ್ರೆ ಆ ದಿನದ ಡೇಟಾ ಬಿಟ್ಟುಬಿಡಿ.

ಕುಮಟೆ ಹುಡುಗಿ

ಹನ್ನೆರಡು ದಿನ ಆಯ್ತು, ತಡವಾಗಿ ಬರೀತಾ ಇದ್ದೇನೆ. ಎಲ್ಲ ಹೇಳಿದ ಹಾಗೆ ಮಾಡಿದೆ. ಬಫರ್ 100, ರಸ 6.8ಕ್ಕೆ ತಂದು ಪಿವಿಪಿಪಿ ಹಾಕಿ ಸೋಸಿದ್ದು, ಎಂಜೈಮ್ ಅರ್ಧ, ಮೊದಲ 20 ಸೆಕೆಂಡ್. ರಸ 0, 25, 50, 100 ಮೈಕ್ರೋಲೀಟರ್, ಪ್ರತಿಯೊಂದೂ ಮೂರು ಸಲ. ತೆಳು ಮಾಡಿದ ಮೇಲೆ ವೇಗ ಪೂರ್ತಿ ವಾಪಸ್ ಬಂತು. ಚಪ್ಪಟೆ ಭಾಗ ಕಾಣಲಿಲ್ಲ.

ಕೆಎಂ ಈಗಲೂ 8ರ ಹತ್ರವೇ. 100 ಮೈಕ್ರೋಲೀಟರ್ ರಸದಲ್ಲಿ ಅನುಪಾತ 2 ಮಿಲಿಮೋಲಾರ್‌ಗೆ 1.61, 32ಕ್ಕೆ 1.19. ಮೊದಲು 1.50 ಇದ್ದದ್ದು 1.19! ಅಂದ್ರೆ ಮೊದಲು ಕಂಡ ವಿಮ್ಯಾಕ್ಸ್ ಇಳಿತದ ಹೆಚ್ಚಿನ ಪಾಲು ರಸದ ಹುಳಿಯದ್ದೋ ಟ್ಯಾನಿನ್‌ದ್ದೋ ಆಗಿತ್ತು ಅಂತ ಆಯ್ತು. ಆದ್ರೆ 1.19 ಒಂದಲ್ಲವಲ್ಲ, ಹಂಗಾದ್ರೆ ಇನ್ನೂ ಸ್ವಲ್ಪ ಮಿಕ್ಸ್ಡ್ ಅಂತ ಬರೀಬೇಕಾ?

ಕಾಳಿ ಸೇತುವೆ

ಬಹಳ ಖುಷಿ ಆಯ್ತು ಓದಿ. 1.19 ಒಂದಲ್ಲ ಅನ್ನೂದು ಸರಿ, ಆದ್ರೆ ಕೆಎಂನ ನಾಲ್ಕೇ ಪಟ್ಟಿನಲ್ಲಿ ಶುದ್ಧ ಕಾಂಪಿಟಿಟಿವ್ ಕೂಡ ಒಂದು ಕೊಡೂದಿಲ್ಲ. ಕೆಎಂ 8, ರಸದಿಂದ ಅದು 1.75 ಪಟ್ಟು ಅಂತ ಇಟ್ಕೊಂಡ್ರೆ 2ರಲ್ಲಿ 1.60, 32ರಲ್ಲಿ 1.15 ಬರಬೇಕು. ನಿಮಗೆ 1.61, 1.19. ಈ 0.04 ನಿಮ್ಮ ಮೂರು ಸಲದ ಅಳತೆಯ ಏರಿಳಿತದೊಳಗೆ ಇದೆಯಾ ನೋಡಿ. ಎರಡೂ ಮಾಡೆಲ್ ಫಿಟ್ ಮಾಡಿ, ಒಂದು ಕೆಐ ಇರೂದು, ಎರಡು ಕೆಐ ಇರೂದು, ಎಫ್ ಟೆಸ್ಟ್ ಮಾಡಿ. ಎರಡನೇ ಕೆಐ ಸೇರಿಸಿದ್ದಕ್ಕೆ ಫಿಟ್ ನಿಜವಾಗಿ ಸುಧಾರಿಸದಿದ್ರೆ ಒಂದರದ್ದೇ ಸಾಕು. ಸಾಧ್ಯ ಆದ್ರೆ 64 ಮಿಲಿಮೋಲಾರ್ ಒಂದು ಸೇರಿಸಿ, ಎರಡು ಮಾಡೆಲ್ ಬೇರೆ ಬೇರೆ ದಾರಿ ಹಿಡಿಯೂದೇ ಆ ಕಡೆ.

ರೆಸಿಡ್ಯುವಲ್ ಪ್ಲಾಟ್ (ಅಳತೆಗೂ ಫಿಟ್‌ಗೂ ಇರೂ ವ್ಯತ್ಯಾಸದ ಗ್ರಾಫ್) ಹಾಕೂದು ಮರೀಬೇಡಿ. ಬಿಂದುಗಳು ಸೊನ್ನೆಯ ಮೇಲೆ ಕೆಳಗೆ ಚದುರಿದ್ರೆ ಸರಿ, ಬಿಲ್ಲಿನ ಥರ ಬಾಗಿದ್ರೆ ಮಾಡೆಲ್ ತಪ್ಪು.

ಶಿರಸಿ ಮಾಸ್ತರ್

ಕೆಐ ಬರೆಯೂವಾಗ ತಂಗಿ, ಮೈಕ್ರೋಮೋಲಾರ್ ಅಂತ ಬರೀಬೇಡ. ನಿನ್ನ ರಸದಲ್ಲಿ ಯಾವ ಅಣು ಕೆಲಸ ಮಾಡಿದ್ದು ಅಂತ ಗೊತ್ತಿಲ್ಲ, ಹತ್ತು ಅಣು ಇರಬಹುದು. ಒಂದು ಕಾಂಪಿಟಿಟಿವ್ ಇನ್ನೊಂದು ಬೇರೆ ಥರದ್ದು ಸೇರಿದ್ರೆ ಒಟ್ಟಿಗೆ ಮಿಕ್ಸ್ಡ್ ಕಾಣ್ತದೆ, ಅಣು ಒಂದೂ ಮಿಕ್ಸ್ಡ್ ಅಲ್ಲದಿದ್ರೂ. ಒಣ ತೂಕದ ಲೆಕ್ಕದಲ್ಲಿ, ಎಂಎಲ್‌ಗೆ ಇಷ್ಟು ಮಿಲಿಗ್ರಾಂ ವಾಟೆಹುಳಿ ಸಾರ ಅಂತ ಬರಿ. ವಾಟೆ ಮರದ ಕಾಂಡದ ಒಳಗಟ್ಟಿಯಲ್ಲಿ ಆಕ್ಸಿರೆಸ್ವೆರಾಟ್ರಾಲ್ ಇದೆ, ಅದು ಇದೇ ಬಗೆಯ ಎಂಜೈಮ್ ಟೈರೋಸಿನೇಸ್‌ನ್ನ ತಡೀತದೆ ಅಂತ ಗೊತ್ತಿರೂ ವಿಷಯ, ಆದ್ರೆ ಅದು ಕಟ್ಟಿಗೆಯದ್ದು, ಹಣ್ಣಿನ ರಸದ ಫಲಿತಾಂಶಕ್ಕೆ ಅದನ್ನ ಕಾರಣ ಅಂತ ಅಂಟಿಸಬೇಡ.

ಶುದ್ಧ ಇನ್ಹಿಬಿಟರ್ ಒಂದರ ಜೊತೆ ಹೋಲಿಸ್ಲಿಕ್ಕೆ ನಿಮ್ಮ ಲ್ಯಾಬಿನಲ್ಲಿ ಬೆಂಜೋಯಿಕ್ ಆಮ್ಲ ಇದ್ದೇ ಇರ್ತದೆ. ಪಿಎಚ್ 6.8ಕ್ಕೆ ತಂದು ಅದೇ ಎಂಜೈಮ್, ಅದೇ ಕ್ಯಾಟೆಕಾಲ್ ಸಾಲು ಒಂದು ಮಾಡು, ಒಂದು ದಿನದ ಕೆಲಸ. ಅದರ ರಚನೆ ಕ್ಯಾಟೆಕಾಲ್‌ನ್ನ ಹೋಲ್ತದೆ, ಪಾಲಿಫಿನಾಲ್ ಆಕ್ಸಿಡೇಸ್‌ಗೆ ಕಾಂಪಿಟಿಟಿವ್ ಅಂತ ಹಳೇ ಕಾಲದಿಂದ ಗೊತ್ತಿರೂದು. ನಿನ್ನ ಅಳತೆಯಲ್ಲೂ ಹಾಗೇ ಬಂದ್ರೆ ನಿನ್ನ ವಿಧಾನ ಕಾಂಪಿಟಿಟಿವ್‌ನ್ನ ಗುರುತಿಸ್ತದೆ ಅಂತ ವೈವಾದಲ್ಲಿ ತೋರಿಸಬಹುದು.

ಕುಮಟೆ ಹುಡುಗಿ

ಬೆಂಜೋಯಿಕ್ ಆಮ್ಲ ಕಪಾಟಿನಲ್ಲಿ ಇದೆ, ಸೋಮವಾರ ಮಾಡ್ತೇನೆ, 64 ಮಿಲಿಮೋಲಾರ್‌ದ್ದೂ ಅವತ್ತೇ. ಗೈಡ್‌ಗೆ ಎರಡೂ ಗ್ರಾಫ್ ತೋರಿಸಿದೆ, ಹುಳಿ ಇದ್ದದ್ದು ಮತ್ತೆ ಇಲ್ಲದ್ದು, ಅವರು ತುಂಬಾ ಹೊತ್ತು ನೋಡಿ ಪಿಎಚ್ ಅಧ್ಯಾಯ ಮೊದಲು ಇಡು ಅಂದ್ರು. ಎಫ್ ಟೆಸ್ಟ್ ಫಲಿತಾಂಶ ಬಂದ ಮೇಲೆ ಇಲ್ಲೇ ಹಾಕ್ತೇನೆ.